ಕುರಿಯ ಔಷಧಿ, ರಾಯರ ವಾರ



ಮೂರು ವರ್ಷದ ಹಿಂದಿನ ಮಾತು. ಮುಂಗಾರು ಇನ್ನೂ ಬಿದ್ದಿರಲಿಲ್ಲ. ಕೋಸಿಗಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಆದೋನಿಯ ನನ್ನ ಮನೆಗೆ ಬಂದರು. ನಾನು ವೈದ್ಯವೃತ್ತಿಯಿಂದ ನಿವೃತ್ತನಾಗಿ ಬಹಳ ದಿನವಾಯಿತು, ಆದರೂ ಹಳೆಯ ಪರಿಚಯದವರು ಹೀಗೆ ಬರುತ್ತಿರುತ್ತಾರೆ. ಆಕೆಯ ಎರಡೂ ಕೈಗಳ ಬೆರಳಗಿಣ್ಣು ಊದಿಕೊಂಡು ಚರ್ಮ ಮಿರಿಮಿರಿ ಹೊಳೆಯುತ್ತಿತ್ತು. ಬೆಳಿಗ್ಗೆ ಎದ್ದರೆ ಒಂದೂವರೆ ತಾಸು ಮುಷ್ಟಿ ಕಟ್ಟಲು ಬಾರದು, ರೊಟ್ಟಿ ಬಡಿಯಲು ಆಗದು, ಹತ್ತಿ ಬಿಡಿಸಲು ಕೂಲಿಗೆ ಯಾರೂ ಕರೆಯರು.

"ಐದು ವರ್ಷ ಆತು ಸಾರ್. ತೋರಿಸದ ದವಾಖಾನಿ ಇಲ್ಲ, ಹರಕಿ ಹೊರದ ದೇವ್ರಿಲ್ಲ. ಉರುಕುಂದಿ ಈರಣ್ಣಗ ನಡಕೊಂಡು ಹೋಗಿ ಬಂದೀನಿ."

ಹೀಗೆಂದವರು ಚೀಲದಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರು. ಬಿಳಿಯ ಬಾಟಲಿ, ಮೇಲೆ ಕುರಿಯ ಚಿತ್ರ. ಒಳಗಿದ್ದದ್ದು ಫೆನ್‌ಬೆಂಡಜೋಲ್, ಕುರಿ ದನಗಳ ಹೊಟ್ಟೆಯ ಜಂತುಹುಳಕ್ಕೆ ಕೊಡುವ ಔಷಧಿ. ಅರ್ಧ ಖಾಲಿಯಾಗಿತ್ತು.

"ನಾನು ಎರಡು ಕುರಿ ತೂಕ ಅದೀನಿ. ಎರಡು ಕುರಿಗೆ ಹಾಕೋದು ಲೆಕ್ಕ ಹಿಡಿದು ಕುಡೀತೀನಿ, ಹನ್ನೆರಡು ದಿನ ಆತು," ಎಂದರು.

ಮಗ ಮೊಬೈಲ್ ತೆಗೆದು ಒಂದು ಧ್ವನಿ ಕೇಳಿಸಿದ. ಅಚ್ಚಗನ್ನಡದ, ಸಮಾಧಾನದ ಗಂಡಸಿನ ದನಿ. ಕೀಲುನೋವು, ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಯಾನ್ಸರ್ ಎಲ್ಲಕ್ಕೂ ಬೇರು ಒಂದೇ, ಅದು ಮೈಯೊಳಗೆ ಸೇರಿರುವ ಹುಳ, ಆ ಹುಳ ಸತ್ತರೆ ರೋಗ ತಾನೇ ಹೋಗುತ್ತದೆ, ದೊಡ್ಡ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ ಎಂದು ಆ ದನಿ ಹೇಳುತ್ತಿತ್ತು. ನಾಲ್ಕು ನಿಮಿಷದ ಮಾತು. ಮಧ್ಯದಲ್ಲಿ ಒಂದು ಕಡೆ "ತಾಯಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎಂದು ಕೂಡ ಇತ್ತು.

ಆಕೆಯನ್ನು ಗದರಿಸಲು ನನಗೆ ಮನಸ್ಸು ಬರಲಿಲ್ಲ. ಈ ಸೀಮೆಯಲ್ಲಿ ಹುಟ್ಟಿದವನಿಗೆ ಆಕೆಯ ತರ್ಕ ಪರಕೀಯವೇನಲ್ಲ. ಹಟ್ಟಿಯಲ್ಲಿ ಕುರಿ ಮಂಕಾಗಿ ನಿಂತರೆ, ಗದ್ದದ ಕೆಳಗೆ ನೀರು ತುಂಬಿ ಬಾತುಕೊಂಡರೆ, ಹಿಕ್ಕೆ ತೆಳ್ಳಗಾದರೆ, ಕುರಿಗಾರ ಬಿದಿರಿನ ಗೊಟ್ಟ ತೆಗೆದು ಹುಳದ ಔಷಧಿ ಕುಡಿಸುತ್ತಾನೆ. ನಾಲ್ಕಾರು ದಿನದಲ್ಲಿ ಕುರಿ ತಲೆಯೆತ್ತಿ ಮೇಯುತ್ತದೆ. ಇದನ್ನು ಹುಟ್ಟಿದಾಗಿನಿಂದ ಕಂಡ ಹೆಣ್ಣುಮಗಳು, ಕುರಿಗೆ ಆಗುವುದು ಮನುಷ್ಯರಿಗೆ ಯಾಕೆ ಆಗಬಾರದು ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪ್ರಶ್ನೆಗೆ ಉತ್ತರ ಕೊಡಬೇಕು. ಇವತ್ತಿನ ನನ್ನ ಮಾತು ಆ ಉತ್ತರವೇ.

ಅದಕ್ಕೆ ಮೊದಲು ಈ ನೆಲದ ಒಂದು ನಿಜವಾದ ಹುಳದ ವಿಷಯ ಹೇಳಬೇಕು. ಮೈಯೊಳಗೆ ಹುಳವಿದೆ ಎಂದರೆ ನಮ್ಮವರು ಅಷ್ಟು ಬೇಗ ನಂಬುವುದಕ್ಕೆ ಅದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

ನಾರುಹುಣ್ಣು. ತೆಲುಗಿನಲ್ಲಿ ನಾರಿಕುರುಪು. ಇಂದಿನ ಮಕ್ಕಳಿಗೆ ಹೆಸರೂ ಗೊತ್ತಿಲ್ಲ. ನಾನು ಏಳೆಂಟು ವರ್ಷದ ಹುಡುಗನಾಗಿದ್ದಾಗ ನಮ್ಮ ಅಜ್ಜಿಗೆ ಬಲಗಾಲಿನ ಹರಡಿನ ಹತ್ತಿರ ಒಂದು ಬೊಬ್ಬೆ ಎದ್ದಿತು. ಬೆಂಕಿ ತಾಗಿದಂತೆ ಉರಿ. ಬೊಬ್ಬೆ ಒಡೆದಾಗ ಅದರ ಬಾಯಲ್ಲಿ ಬಿಳಿಯ ದಾರದ ತುದಿಯಂಥದು ಕಾಣಿಸಿತು. ಊರಿನ ಹಿರಿಯರೊಬ್ಬರು ಬಂದು ಬೆಂಕಿಕಡ್ಡಿಯಷ್ಟು ದಪ್ಪದ ಒಂದು ಕಡ್ಡಿಗೆ ಆ ತುದಿಯನ್ನು ಸುತ್ತಿದರು. ದಿನಕ್ಕೆ ಎರಡು ಬೆರಳು, ಕೆಲವು ದಿನ ಒಂದೇ ಬೆರಳು. ಎಳೆಯುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ತುಂಡಾದರೆ ಒಳಗೆ ಉಳಿದ ಭಾಗ ಕೀವುಗಟ್ಟಿ ಕಾಲೇ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಿಗೆ ಬೆಲ್ಲದಲ್ಲಿ ಇಂಗು ನುಂಗಿಸಿದರು, ಉಮ್ಮತ್ತಿ ಎಲೆ ಬಿಸಿಮಾಡಿ ಕಟ್ಟಿದರು. ಇಪ್ಪತ್ತನಾಲ್ಕು ದಿನವಾದ ಮೇಲೆ ಹುಳ ಪೂರ್ತಿ ಹೊರಬಂತು. ಅಂಗಳದಲ್ಲಿ ಅದನ್ನು ಬಿಡಿಸಿ ಅಳೆದಾಗ ನನ್ನ ಸೊಂಟಕ್ಕಿಂತ ಮೇಲೆ ಬಂದಿತ್ತು. ಆ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಆರು ಜನ ಹೀಗೆ ಕಾಲು ಚಾಚಿ ಮಲಗಿದ್ದರು.

ಹುಳ ಎಲ್ಲಿಂದ ಬಂತು? ಮೆಟ್ಟಿಲಬಾವಿಯಿಂದ. ಹುಣ್ಣಿದ್ದವರು ಕೊಡ ಹಿಡಿದು ಮೆಟ್ಟಿಲಿಳಿದು ಉರಿಯುವ ಕಾಲನ್ನು ನೀರಿಗೆ ಅದ್ದುತ್ತಿದ್ದರು. ನೀರು ತಾಗಿದೊಡನೆ ಹೆಣ್ಣುಹುಳ ಸಾವಿರಾರು ಮರಿಗಳನ್ನು ಚೆಲ್ಲುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ ನೀರುಚಿಗಟ ತಿನ್ನುತ್ತದೆ. ಎರಡು ವಾರದಲ್ಲಿ ಮರಿ ಬಲಿಯುತ್ತದೆ. ಆ ನೀರನ್ನು ಕುಡಿದವರ ಮೈಯಲ್ಲಿ ಸದ್ದಿಲ್ಲದೆ ಸುಮಾರು ಒಂದು ವರ್ಷ ಬೆಳೆದು, ಮುಂದಿನ ಬೇಸಿಗೆಗೆ ಬೊಬ್ಬೆಯಾಗಿ ಏಳುತ್ತದೆ. ಹುಳಕ್ಕೂ ಚಿಗಟಕ್ಕೂ ಇರುವ ಈ ನಂಟನ್ನು ರಷ್ಯಾದ ಅಲೆಕ್ಸೈ ಫೆಡ್ಚೆಂಕೊ 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಕಂಡುಹಿಡಿದಿದ್ದ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ವಿ.ಎನ್. ಮೂರ್ತಿ ಅವರು ಬಾವಿ ಬಾವಿ ತಿರುಗಿ ಈ ರೋಗದ ಬೆನ್ನುಹತ್ತಿದರು. ಚಿಗಟಗಳನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ನೋಡಿದವರು ಅವರು. ಮದ್ದಿನ ಗೊಡವೆಗೆ ಹೋಗದೆ ನೀರಿನಲ್ಲೇ ರೋಗವನ್ನು ಹಿಡಿಯುವ ಆ ಯೋಚನೆಯನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಮದ್ದನ್ನೂ ಹುಡುಕದೆ ಬಿಡಲಿಲ್ಲ. 1960ರ ದಶಕದ ಕೊನೆಗೆ ಕರ್ನೂಲು ವೈದ್ಯಕೀಯ ಕಾಲೇಜಿನ ವೈದ್ಯರು ನೈರಿಡಜೋಲ್ ಎಂಬ ಗುಳಿಗೆಯನ್ನು ನಾರುಹುಣ್ಣಿನ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. ಬೇರೆ ಕಡೆಗಳಲ್ಲಿ ಇನ್ನೂ ಎರಡು ಮೂರು ಔಷಧಿಗಳ ಪ್ರಯೋಗವಾಯಿತು. ಬಾವು ಇಳಿಯಿತು, ಹುಳ ಎಳೆಯುವುದು ಸಲೀಸಾಯಿತು. ಒಳಗಿನ ಹುಳವನ್ನು ಕೊಲ್ಲುವ ಔಷಧಿ ಮಾತ್ರ ಇಂದಿಗೂ ಸಿಕ್ಕಿಲ್ಲ. ಆದರೂ ನಾರುಹುಣ್ಣು ಹೋಯಿತು! 1983–84ರಲ್ಲಿ ದೇಶದಲ್ಲಿ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ಸುಮಾರು 40,000 ರೋಗಿಗಳಿದ್ದರು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತ ದೇಶವೆಂದು ಸಾರಿತು.

ಹೇಗೆ ಹೋಯಿತೆಂಬುದನ್ನು ಕಣ್ಣಾರೆ ಕಂಡವನು ನಾನು. ಆಗ ಕೆಲಸಕ್ಕೆ ಸೇರಿದ ಹೊಸತು. ಆರೋಗ್ಯ ಕಾರ್ಯಕರ್ತರೊಬ್ಬರು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಅದೇ ಊರಿನ ಬಾವಿಯ ನೀರನ್ನು ಒಂದು ಗಾಜಿನ ಲೋಟಕ್ಕೆ ತುಂಬಿ ಬಿಸಿಲಿಗೆ ಹಿಡಿದರು. ನೀರಿನಲ್ಲಿ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. "ನೋಡಮ್ಮ, ನಿಮ್ಮ ನಾರು ಇದರೊಳಗ ಐತಿ" ಎಂದು ಲೋಟವನ್ನು ಒಬ್ಬೊಬ್ಬರ ಕೈಗೂ ಕೊಟ್ಟರು. ಆಮೇಲೆ ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ ಮತ್ತೊಮ್ಮೆ ಬಿಸಿಲಿಗೆ ಹಿಡಿದರು. ಚುಕ್ಕೆ ಒಂದೂ ಇರಲಿಲ್ಲ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೇ ಸಾಕಾಯಿತು. ಮೆಟ್ಟಿಲಬಾವಿಗಳನ್ನು ಸೇದುವ ಬಾವಿ ಮಾಡಿದರು, ಬಾವಿಗೆ ಔಷಧಿ ಹಾಕಿದರು, ಬೋರಿಂಗ್ ಬಂತು. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಕ್ರಿಮಿಗಳಿಗೆ ಮೂರು ಉಪಾಯ ಹೇಳಿದೆ: ಎಳೆದು ತೆಗೆಯುವುದು, ಕ್ರಿಮಿ ಬದುಕುವ ಪರಿಸ್ಥಿತಿಯನ್ನು ಕೆಡಿಸುವುದು, ಕಾರಣವನ್ನೇ ದೂರವಿಡುವುದು. ನಮ್ಮ ಅಜ್ಜಿಗೆ ಮೊದಲನೆಯದು ದಕ್ಕಿತು. ಅಜ್ಜಿಯ ಮೊಮ್ಮಕ್ಕಳನ್ನು ಕಾಪಾಡಿದ್ದು ಮೂರನೆಯದು.

ಈಗ ಆ ಬಾಟಲಿಗೆ ಬರುತ್ತೇನೆ.

ಫೆನ್‌ಬೆಂಡಜೋಲ್ ಕೆಟ್ಟ ಔಷಧಿಯೇನಲ್ಲ. ಹುಳದ ಜೀವಕೋಶಗಳ ಒಳಗೆ ಟ್ಯೂಬುಲಿನ್ ಎಂಬ ವಸ್ತುವಿನಿಂದ ಕಟ್ಟಿದ ಸಣ್ಣ ಕೊಳವೆಗಳಿವೆ. ಈ ಔಷಧಿ ಆ ಕೊಳವೆಗಳನ್ನು ಕಟ್ಟಿಕೊಳ್ಳಲು ಬಿಡುವುದಿಲ್ಲ. ಹುಳ ಆಹಾರ ಹೀರಲಾಗದೆ ಸೊರಗಿ ಸಾಯುತ್ತದೆ. ಕುರಿಗೆ ಗುಣವಾದದ್ದು ಕುರಿಯ ಹೊಟ್ಟೆಯಲ್ಲಿ ಹುಳ ಇದ್ದದ್ದರಿಂದ. ಈ ತಾಯಿಗೆ ಇದ್ದದ್ದು ರುಮಟಾಯ್ಡ್ ಸಂಧಿವಾತ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುವ ರೋಗ ಅದು. ಅಲ್ಲಿ ಕೊಲ್ಲಬೇಕಾದ ಹುಳವೇ ಇಲ್ಲ. ಇಲ್ಲದ ಹುಳಕ್ಕೆ ದಿನವೂ ಔಷಧಿ ಕುಡಿದರೆ ಅದನ್ನು ಅರಗಿಸುವ ಹೊರೆ ಯಕೃತ್ತಿನ ಮೇಲೆ ಬೀಳುತ್ತದೆ. ಜಪಾನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 80 ವರ್ಷದ ವೃದ್ಧೆಯೊಬ್ಬರು ಯಾರದೋ ಮಾತು ನಂಬಿ ಇದೇ ಫೆನ್‌ಬೆಂಡಜೋಲ್ ಸೇವಿಸಿದರು. ಯಕೃತ್ತಿಗೆ ಪೆಟ್ಟುಬಿತ್ತು, ನಿಲ್ಲಿಸಿದ ಮೇಲೆ ಸುಧಾರಿಸಿತು. ಇದನ್ನು ಅಲ್ಲಿಯ ವೈದ್ಯರು 2021ರಲ್ಲಿ ಬರೆದಿದ್ದಾರೆ. ಕ್ಯಾನ್ಸರಿಗೆ ಈ ಔಷಧಿ ಎಂಬ ಸುದ್ದಿ ಹಬ್ಬಿದ್ದು ಅಮೆರಿಕದ ಒಬ್ಬ ರೋಗಿ ಗುಣಮುಖನಾದ ಕಥೆಯಿಂದ. ಆತ ಅದೇ ಹೊತ್ತಿನಲ್ಲಿ ಆಸ್ಪತ್ರೆಯ ಹೊಸ ಕ್ಯಾನ್ಸರ್ ಔಷಧಿಯೊಂದರ ಪ್ರಯೋಗದಲ್ಲಿಯೂ ಇದ್ದ. ಕಥೆ ಊರೂರಿಗೆ ಹೋಗುವಾಗ ಆ ಭಾಗ ದಾರಿಯಲ್ಲೇ ಉದುರಿಹೋಯಿತು.

ಐವರ್‌ಮೆಕ್ಟಿನ್ ಎಂಬ ಇನ್ನೊಂದು ಹುಳದ ಔಷಧಿಯ ಕಥೆಯೂ ಇಂಥದೇ, ಆದರೆ ಅದರ ಮೊದಲ ಅಧ್ಯಾಯ ಬಲು ಚೆಂದ. ಜಪಾನಿನ ಸತೋಶಿ ಒಮುರಾ ಮಣ್ಣಿನಿಂದ ಒಂದು ಸೂಕ್ಷ್ಮಜೀವಿಯನ್ನು ಹೆಕ್ಕಿದರು. ವಿಲಿಯಂ ಕ್ಯಾಂಪ್‌ಬೆಲ್ ಅದರಲ್ಲಿದ್ದ ಹುಳ ಕೊಲ್ಲುವ ಗುಣವನ್ನು ಗುರುತಿಸಿದರು. ಆ ಔಷಧಿಯಿಂದ ಆಫ್ರಿಕಾದಲ್ಲಿ ಲಕ್ಷಾಂತರ ಜನ ಕುರುಡಾಗುವುದು ತಪ್ಪಿತು. 2015ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಪಕ್ಕದ ಯಾದಗಿರಿಯಲ್ಲಿ ಆನೆಕಾಲು ರೋಗ ತಡೆಯಲು ಜನರಿಗೆ ನುಂಗಿಸಿದ ಮೂರು ಔಷಧಿಗಳಲ್ಲಿ ಇದೂ ಒಂದು. ಕೊರೋನಾ ಬಂದಾಗ, 2020ರಲ್ಲಿ, ಆಸ್ಟ್ರೇಲಿಯಾದ ಒಂದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇದು ವೈರಸ್ಸನ್ನು ತಗ್ಗಿಸಿತು. ತಟ್ಟೆಗೆ ಹಾಕಿದಷ್ಟು ಪ್ರಮಾಣ ಮನುಷ್ಯನ ರಕ್ತದಲ್ಲಿ ಸಿಗಬೇಕಾದರೆ ಎಷ್ಟೋ ಪಟ್ಟು ನುಂಗಬೇಕಾಗುತ್ತದೆ. ಅಷ್ಟರಲ್ಲಿ ನಮ್ಮ ಔಷಧಿ ಅಂಗಡಿಗಳಲ್ಲಿ ಗುಳಿಗೆ ಮುಗಿದಿತ್ತು. ಮುಂದೆ ಬ್ರೆಜಿಲಿನಲ್ಲಿ 1,300ಕ್ಕೂ ಹೆಚ್ಚು ರೋಗಿಗಳ ಮೇಲೆ ಸರಿಯಾಗಿ ಪರೀಕ್ಷೆ ನಡೆದು 2022ರಲ್ಲಿ ಫಲಿತಾಂಶ ಬಂದಾಗ ಪ್ರಯೋಜನವಿಲ್ಲವೆಂದು ಗೊತ್ತಾಯಿತು. ನಮ್ಮ ದೇಶದ ಚಿಕಿತ್ಸಾ ಸೂತ್ರದಿಂದ 2021ರ ಸೆಪ್ಟೆಂಬರಿನಲ್ಲೇ ಅದನ್ನು ತೆಗೆದಿದ್ದರು. ಆ ವೇಳೆಗೆ ಈ ಗುಳಿಗೆಯ ಹೆಸರು ಮನೆಮನೆಗೂ ಗೊತ್ತಾಗಿತ್ತು. ಹೆಸರು ಗೊತ್ತಾದ ಗುಳಿಗೆಗೆ ರೋಗ ಹುಡುಕುವುದು ಕಷ್ಟವಲ್ಲ.

ಆ ತಾಯಿಯನ್ನು ನಾನು ಕೇಳಿದೆ, ಮೊದಲು ದವಾಖಾನೆಯಲ್ಲಿ ಕೊಟ್ಟ ಗುಳಿಗೆ ಏನಾಯಿತು? ಮಗ ಒಂದು ಮಡಿಸಿದ ಚೀಟಿ ಕೊಟ್ಟ. ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ. ಜೊತೆಗೆ ಫೋಲಿಕ್ ಆಮ್ಲ. ಸರಿಯಾದ ಔಷಧಿ, ಸರಿಯಾದ ಪ್ರಮಾಣ. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ವೈದ್ಯರು ಹೇಳಿದ್ದೇನು ಎಂದರೆ, "ಇದು ಹೋಗೋ ರೋಗ ಅಲ್ಲ, ಜೀವನಪೂರ್ತಿ ನುಂಗಬೇಕು ಅಂದ್ರು. ಅಷ್ಟೇ." ಆ ದವಾಖಾನೆಯ ಹೆಸರು ಬೇಡ. ಹೊರಗೆ ನೂರು ಜನ ಸಾಲಿನಲ್ಲಿರುವಾಗ ಒಬ್ಬರಿಗೆ ಎರಡು ನಿಮಿಷ ಕೊಡುವುದೇ ಹೆಚ್ಚು ಎಂದು ನನಗೂ ಗೊತ್ತು. ನಾನೂ ಅದೇ ಕುರ್ಚಿಯಲ್ಲಿ ಕೂತಿದ್ದೇನೆ, ಎಷ್ಟೋ ಜನರನ್ನು ಹಾಗೆಯೇ ಕಳಿಸಿದ್ದೇನೆ. ಈ ಗುಳಿಗೆ ಕೆಲಸ ಶುರು ಮಾಡಲು ಆರು ವಾರದಿಂದ ಮೂರು ತಿಂಗಳು ಬೇಕು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ತಿಂಗಳಾದರೂ ನೋವು ಇಳಿಯಲಿಲ್ಲವೆಂದು ಬಿಟ್ಟರು. ರಕ್ತಪರೀಕ್ಷೆಗೆಂದು ಪೇಟೆಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ.

ಆಮೇಲೆ ಯಾರೋ ಒಂದು ಊರಿನಲ್ಲಿ ಪುಡಿಯ ಪೊಟ್ಟಣ ಕೊಡಿಸಿದರು. ಮೂರೇ ದಿನದಲ್ಲಿ ನೋವು ಮಾಯ! ಕೇಳುಗರೇ, ಇಂಥ ಪುಡಿಗಳ ಬಗ್ಗೆ ಎಚ್ಚರವಿರಲಿ. ಹಳೆಯ ಕೀಲುನೋವು ಮೂರು ದಿನದಲ್ಲಿ ಹೋಯಿತೆಂದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಭವ ಬಹಳ. ಅದು ತಿಂಗಳುಗಟ್ಟಲೆ ಮೈಸೇರಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಥಟ್ಟನೆ ನಿಲ್ಲಿಸಿದರೂ ಅಪಾಯ. ಆಕೆಯ ಪುಡಿ ಕೊಡುವವನು ಊರು ಬಿಟ್ಟ, ನೋವು ಮೊದಲಿಗಿಂತ ಹೆಚ್ಚಾಗಿ ಮರಳಿತು. ಆ ಹೊತ್ತಿಗೆ ಮಗನ ಮೊಬೈಲಿಗೆ ಆ ಕನ್ನಡದ ದನಿ ಬಂತು.

ನನ್ನ ಎದೆಗೆ ನಾಟಿದ್ದು ಆ ಕನ್ನಡವೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಎಲ್ಲಿ ಬಿದ್ದರೂ ಹೊಲಗುಂದ, ಕೌತಾಳಂ, ಕೋಸಿಗಿ ಕಡೆಯ ಎಷ್ಟೋ ಮನೆಗಳ ಒಲೆಯ ಮುಂದಿನ ಮಾತು ಕನ್ನಡವೇ. ಹೆಚ್ಚಿನ ಶಾಲೆ ತೆಲುಗು, ಔಷಧಿಚೀಟಿ ಇಂಗ್ಲಿಷ್. ಗುಂಟೂರಿನ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವ ಜನ, ಅಲ್ಲಿ ಕಾಯಿಲೆ ಬಿದ್ದರೆ ಇನ್ನೊಂದು ಊರಿನ ಇನ್ನೊಂದು ಚೀಟಿ. ಆ ತಾಯಿಗೆ ಐದು ವರ್ಷದಲ್ಲಿ ಆಕೆಯ ರೋಗವನ್ನು ಆಕೆಯದೇ ಮಾತಿನಲ್ಲಿ, ಮೊದಲಿನಿಂದ ಕೊನೆಯವರೆಗೆ, ಅವಸರವಿಲ್ಲದೆ ಬಿಡಿಸಿ ಹೇಳಿದ ಮೊದಲ ಮನುಷ್ಯ ಆ ಸುಳ್ಳು ಹೇಳಿದವನು. ಅವನು ಹೇಳಿದ ರೋಗಕ್ಕೆ ಒಂದು ಆಕಾರವಿತ್ತು, ಒಂದು ಶುರು ಇತ್ತು, ಒಂದು ಕೊನೆ ಇತ್ತು. ಹುಳ ಸಾಯುತ್ತದೆ, ನೀವು ಏಳುತ್ತೀರಿ. ನಾವು ಹೇಳಿದ್ದಕ್ಕೆ ಆಕಾರವೂ ಇರಲಿಲ್ಲ, ಕೊನೆಯೂ ಇರಲಿಲ್ಲ.

ಹಾಗೆಂದು ಹುಳವೆಂಬ ಮಾತನ್ನೇ ತಳ್ಳಿಹಾಕಬಾರದು. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರ ಅಂಗಾಲಿನಿಂದ ಕೊಕ್ಕೆಹುಳ ಒಳಸೇರುತ್ತದೆ. ಕರುಳಿಗೆ ಕಚ್ಚಿಕೊಂಡ ಒಂದೊಂದು ಹುಳ ದಿನಕ್ಕೆ ಹೀರುವ ರಕ್ತ ತೀರಾ ಕಡಿಮೆ, ಆದರೆ ನೂರಾರು ಹುಳ ವರ್ಷಗಟ್ಟಲೆ ಹೀರಿದರೆ ಹೆಣ್ಣುಮಗಳು ಬಿಳಚಿಕೊಂಡು ಮೆಟ್ಟಿಲು ಹತ್ತಲಾರದೆ ಕೂರುತ್ತಾಳೆ. ಇದು ನಿಜವಾದ ಹುಳದ ರೋಗ. ಒಂದು ಆಲ್ಬೆಂಡಜೋಲ್ ಗುಳಿಗೆ, ಜೊತೆಗೆ ಕಬ್ಬಿಣಾಂಶದ ಗುಳಿಗೆ, ಕಾಲಿಗೆ ಚಪ್ಪಲಿ. 2015ರಿಂದ ಫೆಬ್ರವರಿ 10ರಂದು ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಗುಳಿಗೆ ಕೊಡುವ ದಿನವನ್ನು ಆಚರಿಸುತ್ತಾರೆ. ದಯವಿಟ್ಟು ಆ ದಿನ ಮಕ್ಕಳನ್ನು ಶಾಲೆ ತಪ್ಪಿಸಬೇಡಿ. ಇನ್ನೊಂದು ಮಾತು ಬಹಳ ಮುಖ್ಯ. ಹಂದಿಯ ಲಾಡಿಹುಳದ ಮೊಟ್ಟೆ, ತೊಳೆಯದ ಸೊಪ್ಪಿನಿಂದಲೋ ಕೊಳಕು ಕೈಯಿಂದಲೋ ಮಾಂಸ ಮುಟ್ಟದವರ ಹೊಟ್ಟೆಗೂ ಹೋಗಿ, ಮಿದುಳು ಸೇರಿ ಗಂಟಾಗಬಹುದು. ಅದರಿಂದ ಫಿಟ್ಸ್ ಬರುತ್ತದೆ. ಮಿದುಳಿನಲ್ಲಿ ಹುಳವಿದೆಯೆಂದು ಯಾರೋ ಹೇಳಿದ್ದು ಕೇಳಿ ತಾವೇ ಹುಳದ ಗುಳಿಗೆ ನುಂಗಿದರೆ, ಗಂಟು ಸಾಯುವಾಗ ಮಿದುಳು ಬಾತು ಫಿಟ್ಸ್ ಜೋರಾಗುತ್ತದೆ. ಅದಕ್ಕೇ ಸ್ಕ್ಯಾನ್ ಮಾಡಿಸಿ, ವೈದ್ಯರ ಕಣ್ಣೆದುರಿಗೆ, ಬಾವು ಇಳಿಸುವ ಔಷಧಿಯ ಜೊತೆಯಲ್ಲಿ ಕೊಡುತ್ತಾರೆ. ಹುಳದ ಅನುಮಾನವಿದ್ದರೆ ಮಲ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದೊಡ್ಡ ಖರ್ಚೇನಿಲ್ಲ.

ಆ ತಾಯಿಯದನ್ನೂ ಮಾಡಿಸಿದೆ. ಹುಳ ಇರಲಿಲ್ಲ. ಆ ಕಾಗದವನ್ನು ಆಕೆಯ ಕೈಗೆ ಕೊಟ್ಟು, ಆಕೆಯ ಬೆರಳಗಿಣ್ಣಿನ ಮೇಲೆ ನನ್ನ ಬೆರಳಿಟ್ಟು, ಒಳಗೆ ಏನಾಗುತ್ತಿದೆಯೆಂದು ಕನ್ನಡದಲ್ಲಿ ಹೇಳಿದೆ. ಊರನ್ನು ಕಾಯಲು ಇಟ್ಟ ನಾಯಿಗಳು ಗುರುತು ತಪ್ಪಿ ಮನೆಯವರನ್ನೇ ಕಚ್ಚಿದಂತೆ ಎಂದೆ. ನಾಯಿಗಳನ್ನು ಕೊಲ್ಲಬಾರದು, ಕಟ್ಟಿಹಾಕಬೇಕು. ಕಟ್ಟಲು ಮೂರು ತಿಂಗಳು ಬೇಕು. ಇಷ್ಟು ಹೇಳಲು ಮುಕ್ಕಾಲು ತಾಸು ಹಿಡಿಯಿತು. ಯಕೃತ್ತಿನ ರಕ್ತಪರೀಕ್ಷೆ ಸರಿಯಿದ್ದ ಮೇಲೆ ಬಳ್ಳಾರಿಯ ಒಬ್ಬ ತಜ್ಞರ ಬಳಿ ಕಳಿಸಿದೆ. ಅವರೂ ಅದೇ ಮೆಥೊಟ್ರೆಕ್ಸೇಟ್ ಗುಳಿಗೆ ಬರೆದರು.

ಆ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ತಪ್ಪಿ ದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗಿ ರಕ್ತದ ಕಣಗಳು ಇಳಿದು ಜೀವಕ್ಕೇ ಬರಬಹುದು. ಓದು ಬಾರದ ಆಕೆಗೆ ದಿನ ನೆನಪಿರುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದಾಗ ಆಕೆಯೇ ಹೇಳಿದರು. "ಬೇಸ್ತ್ವಾರ ತಗೊಂತೀನಿ ಸಾರ್. ರಾಯರ ವಾರ. ಮರೆಯಂಗಿಲ್ಲ." ರಾಯರ ಮಂತ್ರಾಲಯ ಅವರ ಊರಿಗೆ ಹತ್ತಿರ, ಬೇಸ್ತವಾರ ಒಂದು ಹೊತ್ತು ಇರುವುದು ಅವರ ಮನೆಯ ಪದ್ಧತಿ. ಹೊಟ್ಟೆ ಖಾಲಿ ಬಿಟ್ಟು ನುಂಗಬೇಡಿ, ಊಟದ ಹೊತ್ತಿಗೇ ನುಂಗಿ ಎಂದೆ.

ಬಾಟಲಿಯನ್ನು ಮಗನ ಕೈಗೆ ವಾಪಸು ಕೊಟ್ಟೆ. ಮಳೆ ಬಿದ್ದು ಹಸಿರು ಚಿಗುರುವ ಮುಂಚೆ ಕುರಿಗಳಿಗೆ ಹಾಕಬೇಕಿತ್ತು. ಎಷ್ಟು ಉಳಿದಿದೆಯೆಂದು ಅವನು ಬೆಳಕಿಗೆ ಹಿಡಿದು ನೋಡಿದ.

ದೀಪಾವಳಿ ಕಳೆದ ಮೇಲೆ ಮತ್ತೆ ಬಂದರು. ಆ ಸಲ ಚೀಲದಿಂದ ತೆಗೆದದ್ದು ಗೋಡೆಗೆ ತೂಗುಹಾಕುವ ಕ್ಯಾಲೆಂಡರ್. ಬೇಸ್ತವಾರದ ಸಾಲಿನ ಒಂದೊಂದು ಚೌಕದಲ್ಲೂ ಕುಂಕುಮದ ಬೊಟ್ಟು. ಒಂದೇ ಒಂದು ಚೌಕ ಖಾಲಿ ಇತ್ತು. ನಾನು ಅದರ ಮೇಲೆ ಬೆರಳಿಟ್ಟೆ. "ಅವತ್ತು ಗುಳಿಗಿ ತೀರಿತ್ತು ಸಾರ್, ಬಸ್ಸೂ ಬರಲಿಲ್ಲ," ಎಂದು ಹೇಳಿ, ಕ್ಯಾಲೆಂಡರನ್ನು ಎರಡೂ ಕೈಯಿಂದ ಸುರುಳಿ ಸುತ್ತಿ ದಾರ ಕಟ್ಟಿದರು. ಗಂಟು ಆಕೆಯೇ ಹಾಕಿದರು.